ಖಾಲಿ ಪೆಟ್ಟಿಗೆಯ ಮೇಲಿನ ಹೆಸರು

ತಂತ್ರಾಂಶದ ಲೋಕದಲ್ಲಿ ವಸ್ತು ಬೇಗ ಹಳೆಯದಾಗುತ್ತದೆ, ಅದರ ಹೆಸರು ಮಾತ್ರ ಅಷ್ಟು ಬೇಗ ಸಾಯುವುದಿಲ್ಲ. ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆಗಳನ್ನು ಇಪ್ಪತ್ತು ಇಪ್ಪತ್ತೈದು ವರ್ಷ ಬಿಡದೆ ಬಳಸಿದವರ ನೆನಪಿನಲ್ಲಿ ಗಟ್ಟಿಯಾಗಿ ಕುಳಿತಿರುವುದು ಕಾಲಕಾಲಕ್ಕೆ ಬಂದ ಹೊಸ ಸೌಲಭ್ಯಗಳಲ್ಲ. ಒಂದು ಆವೃತ್ತಿಯಿಂದ ಮುಂದಿನ ಆವೃತ್ತಿಗೆ ದಾಟುವ ರಾತ್ರಿಗಳಲ್ಲಿ ಪರದೆಯ ಮೇಲೆ ಗಂಟೆಗಟ್ಟಲೆ ಹರಿಯುತ್ತಿದ್ದ ಹೆಸರುಗಳ ಪಟ್ಟಿ, ಆ ಪಟ್ಟಿಯಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು, ಯಾವುದು ಬೇರೆ ಹೆಸರಿನಲ್ಲಿ ಮರಳಿ ಬಂತು ಎಂಬುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಆತಂಕ. ಹಳೆಯ ಹೆಸರನ್ನು ನಂಬಿದವರನ್ನು ಕೈಬಿಡದೆ ಹೊಸ ಹೆಸರಿಗೆ ತಲುಪಿಸುವುದು ಈ ವ್ಯವಸ್ಥೆಗಳನ್ನು ಕಟ್ಟಿದವರು ತಾವಾಗಿ ಹೊತ್ತುಕೊಂಡ ಕರ್ತವ್ಯವಾಗಿತ್ತು. ಆ ಕರ್ತವ್ಯ ಹೇಗೆ ನಡೆಯಿತು, ಎಲ್ಲಿ ಎಡವಿತು ಎಂಬ ನೆನಪುಗಳನ್ನು ಒಂದೆಡೆ ಕೂಡಿಸುವುದು ಈ ಬರಹದ ಉದ್ದೇಶ.

ಮೊದಲಿಗೆ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪ್ಯಾಕೇಜ್ ಎಂದರೆ ಒಂದು ತಂತ್ರಾಂಶದ ಕಡತಗಳನ್ನೂ, ಅದರ ಹೆಸರು, ಆವೃತ್ತಿ, ಅದು ಕೆಲಸ ಮಾಡಲು ಬೇಕಾದ ಇತರ ಪ್ಯಾಕೇಜುಗಳು ಮೊದಲಾದ ವಿವರಗಳನ್ನೂ ಒಟ್ಟುಗೂಡಿಸಿ ಕಟ್ಟಿದ ಗಂಟು. ಆ ಗಂಟುಗಳನ್ನು ಭಂಡಾರದಿಂದ ತಂದು, ಬಿಚ್ಚಿ, ಯಂತ್ರದಲ್ಲಿ ಸರಿಯಾದ ಜಾಗದಲ್ಲಿ ಇಟ್ಟು, ಲೆಕ್ಕ ಬರೆದುಕೊಳ್ಳುವ ತಂತ್ರಾಂಶಕ್ಕೆ ಪ್ಯಾಕೇಜ್ ಮ್ಯಾನೇಜರ್ ಎಂಬ ಹೆಸರಿದೆ. 1993ರ ಆಗಸ್ಟ್‌ನಲ್ಲಿ ಇಯಾನ್ ಮುರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯಲ್ಲಿ ಈ ಲೆಕ್ಕವನ್ನು ಡಿಪಿಕೆಜಿ ನೋಡಿಕೊಳ್ಳುತ್ತದೆ. ಯಾವುದಕ್ಕೆ ಯಾವುದು ಬೇಕೆಂಬ ಅವಲಂಬನೆಯ ಸರಪಳಿಯನ್ನು ಬಿಡಿಸಿ, ಬೇಕಾದುದನ್ನೆಲ್ಲ ತಾನೇ ತರುವ ಏಪಿಟಿ 1999ರಲ್ಲಿ ಬಿಡುಗಡೆಯಾದ 2.1ನೇ ಆವೃತ್ತಿಯೊಡನೆ ಜನರ ಕೈಗೆ ಬಂತು. ಈ ಎರಡೂ ಪ್ಯಾಕೇಜನ್ನು ಗುರುತಿಸುವುದು ಹೆಸರಿನಿಂದ. ಒಳಗೆ ಏನಿದೆ ಎಂಬುದು ಅವುಗಳಿಗೆ ತಿಳಿಯದು. ಇಂದು ಒಂದು ಹೆಸರಿನಲ್ಲಿರುವ ತಂತ್ರಾಂಶ ನಾಳೆ ಇನ್ನೊಂದು ಹೆಸರಿನಲ್ಲಿ ಬಂದರೆ, ಹಳೆಯದು ನಿಂತುಹೋಯಿತು, ಹೊಸದೊಂದು ಬೇರೆ ಎಲ್ಲಿಯೋ ಹುಟ್ಟಿತು ಎಂದಷ್ಟೇ ಯಂತ್ರ ತಿಳಿಯುತ್ತದೆ. ಎರಡೂ ಒಂದೇ ಎಂದು ಮನುಷ್ಯರು ಬರೆದು ತಿಳಿಸಬೇಕು.

ಕನ್ನಡದ ಬಳಕೆದಾರರಿಗೆ ಈ ವಿಷಯ ದೂರದ್ದಲ್ಲ, ಏಕೆಂದರೆ ಕನ್ನಡದ ಅಕ್ಷರಗಳೇ ಇಂತಹ ಒಂದು ಹೆಸರು ಬದಲಾವಣೆಯನ್ನು ದಾಟಿ ಬಂದಿವೆ. ಈ ಶತಮಾನದ ಮೊದಲ ದಶಕದಲ್ಲಿ ಡೆಬಿಯನ್ ಯಂತ್ರದಲ್ಲಿ ಕನ್ನಡ ಓದಬೇಕಾದರೆ ‘ಟಿಟಿಎಫ್-ಕನ್ನಡ-ಫಾಂಟ್ಸ್’ ಎಂಬ ಪ್ಯಾಕೇಜನ್ನು ಹಾಕಿಕೊಳ್ಳಬೇಕಿತ್ತು. ಟಿಟಿಎಫ್ ಎಂಬುದು ಟ್ರೂಟೈಪ್ ಎಂಬ ಫಾಂಟ್ ಮಾದರಿಯ ಸಂಕ್ಷೇಪ. ಆ ಗಂಟಿನೊಳಗೆ ಕೇದಗೆ, ಮಲ್ಲಿಗೆ ಎಂಬ ಎರಡು ಹೂವಿನ ಹೆಸರಿನ ಫಾಂಟ್‌ಗಳು ತಲಾ ನಾಲ್ಕು ರೂಪಗಳಲ್ಲಿ, ಸಾದಾ, ದಪ್ಪ, ಓರೆ ಮತ್ತು ದಪ್ಪ ಓರೆ ಎಂದು ಇರುತ್ತಿದ್ದವು. ಒತ್ತಕ್ಷರಗಳು ಕೆಲವೆಡೆ ಮೇಲಿನ ಅಕ್ಷರಕ್ಕೆ ತಗುಲಿಕೊಂಡು ನಿಲ್ಲುತ್ತಿದ್ದುದು ನಿಜ. ಆದರೂ ಮುಕ್ತ ಪರವಾನಗಿಯಲ್ಲಿ, ಯೂನಿಕೋಡ್ ಕ್ರಮದಲ್ಲಿ, ಯಾರ ಅನುಮತಿಯನ್ನೂ ಬೇಡದೆ ಕನ್ನಡವನ್ನು ಪರದೆಗೆ ತಂದ ಆ ಫಾಂಟ್‌ಗಳ ಋಣ ದೊಡ್ಡದು.

2011ರ ಸುಮಾರಿಗೆ ಡೆಬಿಯನ್ನಿನ ಫಾಂಟ್ ತಂಡ ಹೆಸರಿಡುವ ಕ್ರಮವನ್ನು ಬದಲಿಸಿತು. ಫಾಂಟಿನ ತಾಂತ್ರಿಕ ಮಾದರಿಯನ್ನು ಹೆಸರಿನ ಮುಂದೆ ಇಡುವುದರಲ್ಲಿ ಅರ್ಥವಿಲ್ಲ, ಟ್ರೂಟೈಪ್ ಇದ್ದದ್ದು ನಾಳೆ ಓಪನ್‌ಟೈಪ್ ಆಗಬಹುದು, ಬಳಕೆದಾರನಿಗೆ ಬೇಕಾದದ್ದು ಫಾಂಟ್ ಎಂಬ ಕಾರಣಕ್ಕೆ ಎಲ್ಲ ಹೆಸರುಗಳೂ ‘ಫಾಂಟ್ಸ್’ ಎಂದೇ ಆರಂಭವಾಗಬೇಕೆಂದು ಗೊತ್ತಾಯಿತು. ಹೀಗೆ ಕನ್ನಡದ ಪ್ಯಾಕೇಜ್ ‘ಫಾಂಟ್ಸ್-ಕೆಎನ್‌ಡಿಎ’ ಆಯಿತು. ಕನ್ನಡ ಎಂಬ ಪೂರ್ಣ ಪದದ ಬದಲು ಬಂದ ಈ ನಾಲ್ಕಕ್ಷರಗಳು ಲಿಪಿಗಳಿಗೆ ಸಂಕೇತ ಕೊಡುವ ಐಎಸ್ಒ 15924 ಎಂಬ ಅಂತರರಾಷ್ಟ್ರೀಯ ಮಾನದಂಡದಿಂದ ಬಂದವು. ಅವು ಸೂಚಿಸುವುದು ಕನ್ನಡ ಭಾಷೆಯನ್ನಲ್ಲ, ಕನ್ನಡ ಲಿಪಿಯನ್ನು. ತುಳುವನ್ನೂ ಕೊಡವವನ್ನೂ ಕರ್ನಾಟಕದ ಕೊಂಕಣಿಯನ್ನೂ ಇದೇ ಲಿಪಿಯಲ್ಲಿ ಬರೆಯುತ್ತಾರೆ. ಆದ್ದರಿಂದ ಹೊಸ ಹೆಸರು ಕೇಳಲು ಒರಟಾದರೂ ಹಳೆಯದಕ್ಕಿಂತ ನ್ಯಾಯವಾದದ್ದು. ಮಂಗಳೂರಿನಲ್ಲಿ ತುಳು ಬರಹವೊಂದನ್ನು ಓದುವ ವ್ಯಕ್ತಿಗೆ ಬೇಕಾದ ಫಾಂಟ್ ‘ಕನ್ನಡ ಭಾಷೆ’ ಎಂಬ ಕಪಾಟಿನಲ್ಲಿಯೇ ಏಕೆ ಇರಬೇಕು ಎಂಬ ಪ್ರಶ್ನೆಗೆ ಆ ನಾಲ್ಕಕ್ಷರಗಳಲ್ಲಿ ಉತ್ತರವಿದೆ.

ಆದರೆ ಹೊಸ ಹೆಸರು ಎಷ್ಟೇ ನ್ಯಾಯವಾದದ್ದಾದರೂ, ಸಾವಿರಾರು ಯಂತ್ರಗಳಲ್ಲಿ ಹಳೆಯ ಹೆಸರು ಕುಳಿತಿರುತ್ತದೆ. ಆ ಯಂತ್ರಗಳನ್ನೆಲ್ಲ ದಾಟಿಸಲು ಡೆಬಿಯನ್ ಕಂಡುಕೊಂಡ ಉಪಾಯವೇ ಟ್ರಾನ್ಸಿಷನಲ್ ಪ್ಯಾಕೇಜ್. ಇದನ್ನು ಸಂಕ್ರಮಣದ ಪ್ಯಾಕೇಜ್ ಎನ್ನಬಹುದು, ಬಳಕೆಯಲ್ಲಿ ಡಮ್ಮಿ ಪ್ಯಾಕೇಜ್ ಎಂದೂ ಹೇಳುತ್ತಾರೆ. ಹಳೆಯ ಹೆಸರನ್ನು ಭಂಡಾರದಿಂದ ಕಿತ್ತುಹಾಕದೆ, ಅದರ ಆವೃತ್ತಿಯ ಸಂಖ್ಯೆಯನ್ನು ಏರಿಸಿ, ಒಳಗಿನ ಕಡತಗಳನ್ನೆಲ್ಲ ತೆಗೆದು, ‘ಇದಕ್ಕೆ ಹೊಸ ಹೆಸರಿನ ಪ್ಯಾಕೇಜ್ ಬೇಕು’ ಎಂಬ ಒಂದೇ ಅವಲಂಬನೆಯನ್ನು ಅದರಲ್ಲಿ ಬರೆದಿಡಲಾಗುತ್ತದೆ. ಬಳಕೆದಾರನ ಯಂತ್ರ ಎಂದಿನಂತೆ ಹಳೆಯ ಹೆಸರನ್ನು ನವೀಕರಿಸಲು ಹೋದಾಗ ಆ ಅವಲಂಬನೆ ಹೊಸದನ್ನು ಎಳೆದು ತರುತ್ತದೆ. ಹೊಸ ಪ್ಯಾಕೇಜಿನಲ್ಲಿಯೂ ಎರಡು ಮಾತು ಬರೆದಿರಬೇಕು: ಹಳೆಯ ಪ್ಯಾಕೇಜಿನ ಇಂತಹ ಆವೃತ್ತಿಗಿಂತ ಹಿಂದಿನದರೊಡನೆ ತಾನು ಇರಲಾರೆ ಎಂಬುದು ಒಂದು, ಅದರ ಕಡತಗಳನ್ನು ತಾನು ವಹಿಸಿಕೊಳ್ಳುತ್ತೇನೆ ಎಂಬುದು ಇನ್ನೊಂದು. ಈ ಎರಡನೆಯ ಮಾತು ಮರೆತುಹೋದರೆ, ಎರಡು ಪ್ಯಾಕೇಜುಗಳು ಒಂದೇ ಕಡತಕ್ಕೆ ಹಕ್ಕು ಸಾಧಿಸಿ, ಡಿಪಿಕೆಜಿ ನಡುದಾರಿಯಲ್ಲಿ ಕೆಲಸ ನಿಲ್ಲಿಸಿಬಿಡುತ್ತದೆ.

ಇಂತಹ ಒಂದು ಪ್ಯಾಕೇಜನ್ನು ಬಿಚ್ಚಿ ನೋಡಿದವರಿಗೆ ಅದು ಪೂರ್ತಿ ಖಾಲಿಯಲ್ಲ ಎಂಬುದು ತಿಳಿಯುತ್ತದೆ. ಅದು ಯಂತ್ರದಲ್ಲಿ ಇಟ್ಟ ಕಡತಗಳ ಪಟ್ಟಿಯನ್ನು ಡಿಪಿಕೆಜಿಯಿಂದ ಕೇಳಿದರೆ ಕೆಲವೇ ಸಾಲು ಬರುತ್ತವೆ. ಮೊದಲಿನವು ಬರಿಯ ಕೋಶಗಳ ಹೆಸರು, ಕೊನೆಯಲ್ಲಿ ದಾಖಲೆಗಳ ಕೋಶದೊಳಗೆ ಎರಡು ಚಿಕ್ಕ ಕಡತಗಳು. ಒಂದು ಹಕ್ಕುಸ್ವಾಮ್ಯದ ಕಡತ, ಇನ್ನೊಂದು ಚೇಂಜ್‌ಲಾಗ್, ಅಂದರೆ ಆ ಪ್ಯಾಕೇಜಿಗೆ ಯಾರು ಯಾವ ದಿನ ಯಾವ ಬದಲಾವಣೆ ಮಾಡಿದರು ಎಂಬುದರ ದಿನಚರಿ. ಕಡತಗಳೆಲ್ಲ ಹೊರಟುಹೋದ ಮನೆಯಲ್ಲಿ ಉಳಿದದ್ದು ಇದು ಯಾರ ಶ್ರಮ ಎಂಬ ಮಾತು ಮತ್ತು ಇಲ್ಲಿ ಏನಾಯಿತು ಎಂಬ ಮಾತು. ಮನೆ ಬದಲಿಸಿದವರು ಹಳೆಯ ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸಿ ಹೋಗುವ ರೂಢಿ ಇದೆಯಷ್ಟೆ. ಆ ಚೀಟಿಯಲ್ಲಿ ಮನೆಯ ವಂಶಾವಳಿಯನ್ನೂ ಬರೆದಿಟ್ಟಂತೆ ಇದು. ಒಂದು ಸ್ವಯಂಸೇವಕ ಸಂಸ್ಥೆ ತನ್ನ ಖಾಲಿ ಪೆಟ್ಟಿಗೆಗೂ ಇಷ್ಟು ಮರ್ಯಾದೆ ತೋರಿಸಿರುವುದು ಈ ಲೇಖಕನಿಗೆ ಇಂದಿಗೂ ಬೆರಗಿನ ಸಂಗತಿ.

ಇಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ಹೆಸರನ್ನು ಕಾಪಾಡಿದ ಮಾತ್ರಕ್ಕೆ ಒಳಗಿನ ವಸ್ತುವನ್ನು ಕಾಪಾಡಿದಂತೆ ಆಗುವುದಿಲ್ಲ. ‘ಫಾಂಟ್ಸ್-ಕೆಎನ್‌ಡಿಎ’ ಸ್ವತಃ ಫಾಂಟ್ ಇಟ್ಟುಕೊಂಡ ಪ್ಯಾಕೇಜ್ ಅಲ್ಲ, ಅದು ಮೆಟಾಪ್ಯಾಕೇಜ್, ಅಂದರೆ ಇತರ ಪ್ಯಾಕೇಜುಗಳನ್ನು ಕರೆದು ತರುವ ಪಟ್ಟಿ. ಮುಂದಿನ ವರ್ಷಗಳಲ್ಲಿ ಆ ಪಟ್ಟಿಯಲ್ಲಿ ಕಾಣುವ ಹೆಸರುಗಳು ಲೋಹಿತ್ ಕನ್ನಡ, ಗುಬ್ಬಿ ಮತ್ತು ನವಿಲು. ಹೂವುಗಳ ಜಾಗಕ್ಕೆ ಹಕ್ಕಿಗಳು ಬಂದಿದ್ದವು. ಕೇದಗೆಯಲ್ಲಿ ಅಕ್ಷರ ಜೋಡಿಸಿ ಉಳಿಸಿಟ್ಟ ಹಳೆಯ ದಾಖಲೆಯೊಂದನ್ನು ತೆರೆದರೆ ಅದು ಬೇರೊಂದು ಫಾಂಟಿನಲ್ಲಿ ತೆರೆದುಕೊಳ್ಳುತ್ತಿತ್ತು, ಸಾಲುಗಳು ಬೇರೆ ಜಾಗದಲ್ಲಿ ಮುರಿಯುತ್ತಿದ್ದವು, ಎಂಟು ಪುಟದ ಕರಪತ್ರ ಒಂಬತ್ತನೆಯ ಪುಟಕ್ಕೆ ನಾಲ್ಕು ಸಾಲು ಚಾಚುತ್ತಿತ್ತು. ಪ್ಯಾಕೇಜ್ ಮ್ಯಾನೇಜರ್‌ನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು, ಹಳೆಯ ಹೆಸರು ಹೊಸದಕ್ಕೆ ಕ್ರಮಬದ್ಧವಾಗಿ ದಾರಿ ತೋರಿಸಿತ್ತು. ಬಳಕೆದಾರನ ಲೆಕ್ಕದಲ್ಲಿ ಮಾತ್ರ ಅವನು ನಂಬಿದ್ದ ಅಕ್ಷರ ಕಾಣೆಯಾಗಿತ್ತು.

ಈ ಲೇಖಕನೇ ಮಾಡಿದ ಒಂದು ತಪ್ಪು ಈ ಇಡೀ ವ್ಯವಸ್ಥೆಯ ಸೂಕ್ಷ್ಮವನ್ನು ಕಲಿಸಿತು. ಒಂದು ಶಿಕ್ಷಣ ಸಂಸ್ಥೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಕನ್ನಡಕ್ಕೆ ಬೇಕಾದುದನ್ನೆಲ್ಲ, ಅಂದರೆ ಫಾಂಟ್‌ಗಳು, ಐಬಸ್ ಎಂಬ ಬರವಣಿಗೆಯ ಸಲಕರಣೆ, ಅದಕ್ಕೆ ಬೇಕಾದ ಕೆಜಿಪಿ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಇವನ್ನು ಒಂದೇ ಹೆಸರಿನಿಂದ ಹಾಕಿಕೊಳ್ಳಲು ಸಾಧ್ಯವಾಗುವಂತೆ ಒಂದು ಸ್ಥಳೀಯ ಮೆಟಾಪ್ಯಾಕೇಜನ್ನು ಕಟ್ಟಿ ಇಡಲಾಗಿತ್ತು. ಎರಡು ವರ್ಷದ ಬಳಿಕ ಅದರ ಹೆಸರನ್ನು ಬದಲಿಸಬೇಕಾಗಿ ಬಂದಾಗ, ಡೆಬಿಯನ್ ಮಾಡುವಂತೆಯೇ ಹಳೆಯ ಹೆಸರಿನಡಿ ಖಾಲಿ ಪ್ಯಾಕೇಜೊಂದನ್ನು ತಯಾರಿಸಿ, ಅದರ ವಿವರಣೆಯಲ್ಲಿ ‘ಇದು ಸಂಕ್ರಮಣದ ಪ್ಯಾಕೇಜ್, ಇದನ್ನು ನಿಶ್ಚಿಂತೆಯಿಂದ ತೆಗೆಯಬಹುದು’ ಎಂಬ ರೂಢಿಯ ಮಾತನ್ನೂ ಬರೆಯಲಾಯಿತು. ನವೀಕರಣ ತೊಡಕಿಲ್ಲದೆ ಮುಗಿಯಿತು. ಕೆಲವು ವಾರಗಳ ನಂತರ ಲ್ಯಾಬಿನ ಸಹಾಯಕರು ಆ ಮಾತನ್ನು ಓದಿ, ನಂಬಿ, ಖಾಲಿ ಪ್ಯಾಕೇಜನ್ನು ತೆಗೆದುಹಾಕಿದರು. ಬಳಿಕ ‘ಇವು ಇನ್ನು ಬೇಕಾಗಿಲ್ಲ’ ಎಂದು ಯಂತ್ರವೇ ತೋರಿಸಿದ ಪಟ್ಟಿಗೆ ಒಪ್ಪಿಗೆ ಕೊಟ್ಟರು. ಮರುದಿನ ಬೆಳಿಗ್ಗೆ ಅಷ್ಟೂ ಯಂತ್ರಗಳಲ್ಲಿ ಕನ್ನಡವಿರಲಿಲ್ಲ.

ಇರಲಿಲ್ಲ ಎಂದರೆ ಅಕ್ಷರಗಳು ಅಳಿಸಿಹೋಗಿದ್ದವು ಎಂದಲ್ಲ. ಫಾಂಟ್ ಸಿಗದಿದ್ದಾಗ ಆ ಯಂತ್ರಗಳು ಪ್ರತಿಯೊಂದು ಅಕ್ಷರದ ಜಾಗದಲ್ಲಿ ಒಂದು ಚೌಕ ಬರೆದು, ಅದರೊಳಗೆ ಆ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು ಇರುವೆಯ ಗಾತ್ರದಲ್ಲಿ ತುಂಬುತ್ತಿದ್ದವು. ‘ಕನ್ನಡ’ ಎಂಬ ಪದ ಐದು ಚೌಕಗಳಾಗಿ ನಿಂತಿತ್ತು: 0ಸಿ95, 0ಸಿಎ8, 0ಸಿಸಿಡಿ, 0ಸಿಎ8, 0ಸಿಎ1. ನಡುವಿನದು ಹಲಂತದ ಗುರುತು. ಓದುವಾಗ ಯಾರ ಕಣ್ಣಿಗೂ ಬೀಳದೆ, ಎರಡು ನಕಾರಗಳನ್ನು ಸೇರಿಸಿ ಒತ್ತಾಗಿಸುವ ಆ ಚಿಹ್ನೆ ಅಂದು ತಾನೂ ಒಂದು ಚೌಕವಾಗಿ ಎಲ್ಲರಿಗೂ ಕಂಡಿತು. ಪರೀಕ್ಷೆಯ ಯೋಜನಾ ವರದಿಯನ್ನು ತೆರೆದ ವಿದ್ಯಾರ್ಥಿನಿಯೊಬ್ಬಳು ಹದಿನಾಲ್ಕು ಪುಟದ ಚೌಕಗಳನ್ನು ನೋಡಿ, ಕಡತ ಹಾಳಾಯಿತೆಂದೇ ತಿಳಿದು ಅತ್ತಿದ್ದಳು. ಅರ್ಧ ಗಂಟೆಯೊಳಗೆ ಎಲ್ಲವನ್ನೂ ಮರಳಿ ಹಾಕಲಾಯಿತು, ವರದಿಗೆ ಏನೂ ಆಗಿರಲಿಲ್ಲ. ಆದರೂ ‘ನಿಶ್ಚಿಂತೆಯಿಂದ’ ಎಂಬ ಪದವನ್ನು ಬರೆಯುವವರು ಎಷ್ಟು ಚಿಂತಿಸಿರಬೇಕು ಎಂಬುದು ಅಂದು ಮನಸ್ಸಿಗೆ ನಾಟಿತು.

ತಪ್ಪು ಒಂದು ಸಾಲಿನದಾಗಿತ್ತು. ಏಪಿಟಿ ತಾನು ಹಾಕಿದ ಪ್ಯಾಕೇಜುಗಳನ್ನು ಎರಡು ಬಗೆಯಾಗಿ ಲೆಕ್ಕ ಇಡುತ್ತದೆ: ಬಳಕೆದಾರ ತಾನಾಗಿ ಕೇಳಿ ಹಾಕಿಸಿಕೊಂಡವು ಒಂದು ಬಗೆ, ಬೇರೊಂದರ ಅವಲಂಬನೆಯಾಗಿ ತಾವಾಗಿ ಬಂದವು ಇನ್ನೊಂದು ಬಗೆ. ಎರಡನೆಯ ಬಗೆಯದು ಯಾರಿಗಾಗಿ ಬಂತೋ ಅವರು ಹೊರಟುಹೋದ ಮೇಲೆ ಅದೂ ಹೋಗಬಹುದು ಎಂಬುದು ನಿಯಮ, ಮತ್ತು ಒಟ್ಟಾರೆ ಒಳ್ಳೆಯ ನಿಯಮ; ಅದಿಲ್ಲದೆ ಹೋದರೆ ಯಂತ್ರದಲ್ಲಿ ವಾರಸುದಾರರಿಲ್ಲದ ಲೈಬ್ರರಿಗಳು ವರ್ಷಗಟ್ಟಲೆ ಗುಡ್ಡೆ ಬೀಳುತ್ತವೆ. ಹೆಸರು ಬದಲಾದಾಗ ಈ ನಿಯಮವೇ ತಿರುಗಿ ಹೊಡೆಯುತ್ತದೆ. ಬಳಕೆದಾರ ಕೇಳಿ ಪಡೆದದ್ದು ಹಳೆಯ ಹೆಸರನ್ನು, ಹೊಸ ಹೆಸರು ಅದರ ಬೆನ್ನಿಗೆ ತಾನಾಗಿ ಬಂದದ್ದು. ಹಳೆಯದನ್ನು ತೆಗೆದೊಡನೆ ಹೊಸದು ಅನಾಥವಾಗಿ ಕಾಣುತ್ತದೆ. ಇದಕ್ಕೆ ಏಪಿಟಿಯಲ್ಲಿ ಮದ್ದು ಇದೆ: ಸಂಕ್ರಮಣದ ಪ್ಯಾಕೇಜ್ ‘ಓಲ್ಡ್‌ಲಿಬ್ಸ್’ ಎಂಬ ವಿಭಾಗಕ್ಕೆ ಸೇರಿದ್ದರೆ, ‘ಕೇಳಿ ಪಡೆದದ್ದು’ ಎಂಬ ಗುರುತನ್ನು ಅದು ಹಳೆಯದರಿಂದ ಕಳಚಿ ಹೊಸದಕ್ಕೆ ತೊಡಿಸುತ್ತದೆ, ಹಿರಿಯರು ಮನೆಯ ಬೀಗದ ಕೈಯನ್ನು ಕಿರಿಯರಿಗೆ ಒಪ್ಪಿಸಿದಂತೆ. ಲ್ಯಾಬಿಗಾಗಿ ಕಟ್ಟಿದ ಖಾಲಿ ಪ್ಯಾಕೇಜಿನಲ್ಲಿ ವಿಭಾಗದ ಸಾಲಿನಲ್ಲಿ ‘ಮಿಸ್ಕ್’, ಅಂದರೆ ಇತರೆ, ಎಂದು ಬರೆಯಲಾಗಿತ್ತು. ಹಳೆಯ ಲೈಬ್ರರಿಗಳ ವಿಭಾಗಕ್ಕೂ ಫಾಂಟ್‌ಗಳಿಗೂ ಏನು ಸಂಬಂಧ ಎಂದುಕೊಂಡದ್ದೇ ಅದಕ್ಕೆ ಕಾರಣ. ಬೀಗದ ಕೈ ಕೈ ಬದಲಾಗಲಿಲ್ಲ.

ಆ ವಿಭಾಗಕ್ಕೆ ಹಳೆಯ ಲೈಬ್ರರಿಗಳು ಬಂದು ಸೇರಿದ ಬಗೆಯನ್ನು ಅರಿಯಲು 1998ಕ್ಕೆ ಹೋಗಬೇಕು. ಲಿನಕ್ಸ್ ಯಂತ್ರದ ಬಹುಪಾಲು ತಂತ್ರಾಂಶಗಳು ಸಿ ಲೈಬ್ರರಿ ಎಂಬ ಒಂದು ತಳಹದಿಯ ಮೇಲೆ ನಿಂತಿರುತ್ತವೆ. ಕಡತ ತೆರೆಯುವುದು, ನೆನಪಿನ ಜಾಗ ಕೇಳುವುದು, ಸಮಯ ತಿಳಿಯುವುದು ಎಲ್ಲವೂ ಅದರ ಮೂಲಕ. ಆ ವರ್ಷದ ಜುಲೈಯಲ್ಲಿ ಹ್ಯಾಮ್ ಎಂಬ ಹೆಸರಿನಲ್ಲಿ ಬಿಡುಗಡೆಯಾದ ಡೆಬಿಯನ್ 2.0 ಈ ತಳಹದಿಯನ್ನೇ ಬದಲಿಸಿ, ಲಿಬ್‌ಸಿ5ರಿಂದ ಜಿಎನ್‌ಯು ಸಿ ಲೈಬ್ರರಿಯ ಹೊಸ ತಲೆಮಾರಾದ ಲಿಬ್‌ಸಿ6ಕ್ಕೆ ದಾಟಿತು. ಹಳೆಯದನ್ನು ನಂಬಿ ಕಟ್ಟಿದ ಲೈಬ್ರರಿಯೂ ಹೊಸದನ್ನು ನಂಬಿ ಕಟ್ಟಿದ ಅದೇ ಲೈಬ್ರರಿಯೂ ಒಂದೇ ಯಂತ್ರದಲ್ಲಿ ಕೆಲಕಾಲ ಒಟ್ಟಿಗೆ ಇರಬೇಕಿತ್ತು, ಏಕೆಂದರೆ ಎಲ್ಲ ತಂತ್ರಾಂಶಗಳೂ ಒಂದೇ ದಿನ ದಾಟಲಾರವು. ಹೀಗಾಗಿ ಹೊಸ ತಳಹದಿಯ ಲೈಬ್ರರಿಗಳ ಹೆಸರಿಗೆ ‘ಜಿ’ ಎಂಬ ಅಕ್ಷರ ಸೇರಿತು, ಹಳೆಯವು ಓಲ್ಡ್‌ಲಿಬ್ಸ್ ಎಂಬ ವಿಭಾಗಕ್ಕೆ ಸರಿದವು. ಆದೇಶಗಳನ್ನು ಬರೆಯುವ ಬ್ಯಾಶ್ ಎಂಬ ತಂತ್ರಾಂಶವೇ ಇಂತಹ ಲೈಬ್ರರಿಯೊಂದನ್ನು ಅವಲಂಬಿಸಿದ್ದರಿಂದ, ಹೊಸ ಗಂಟುಗಳನ್ನು ತಪ್ಪು ಕ್ರಮದಲ್ಲಿ ಬಿಚ್ಚಿದರೆ ಆದೇಶ ಕೊಡುವ ಬಾಯಿಯೇ ಕಟ್ಟಿಹೋಗುತ್ತಿತ್ತು. ಸರಿಯಾದ ಕ್ರಮದಲ್ಲಿ ಒಂದೊಂದನ್ನೇ ಹಾಕಿಸುವ ‘ಆಟೋಅಪ್’ ಎಂಬ ಚಿಕ್ಕ ಸ್ಕ್ರಿಪ್ಟ್ ಆಗ ಕೈಯಿಂದ ಕೈಗೆ ದಾಟುತ್ತಿತ್ತು. ಆ ದಾಟುವಿಕೆಯನ್ನು ಕಂಡ ಹಿರಿಯ ಬಳಕೆದಾರರು ಅದರ ಬಗ್ಗೆ ಹೇಳುವಾಗ ಹೊಳೆ ದಾಟಿದವರಂತೆ ಹೇಳುತ್ತಿದ್ದರು.

ಹೆಸರಿಗಾಗಿ ನಡೆದ ಇನ್ನೊಂದು ಬಗೆಯ ತೊಡಕು, ಒಂದೇ ಹೆಸರಿಗೆ ಇಬ್ಬರು ಒಡೆಯರು ಇರುವುದು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಇಂದು ಪ್ರಪಂಚದ ಬಹುಪಾಲು ತಂತ್ರಾಂಶದ ಮೂಲಪಠ್ಯವನ್ನು ಕಾಯ್ದಿಡುವ ವ್ಯವಸ್ಥೆ. ಆದರೆ ಡೆಬಿಯನ್ ಭಂಡಾರದಲ್ಲಿ ಆ ಹೆಸರು ಅದಕ್ಕೂ ಮೊದಲೇ ಜಿಎನ್‌ಯು ಇಂಟರ್‍ಯಾಕ್ಟಿವ್ ಟೂಲ್ಸ್ ಎಂಬ, ಕಡತಗಳನ್ನು ತಿರುವಿಹಾಕುವ ಹಳೆಯ ಸಲಕರಣೆಗೆ ಸೇರಿತ್ತು. ಆದ್ದರಿಂದ ಹೊಸಬನು ‘ಗಿಟ್-ಕೋರ್’ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಕಾದನು; ಹಳೆಯ ಸಲಕರಣೆ ‘ಗ್ನುಯಿಟ್’ ಎಂದು ಹೆಸರು ಬದಲಿಸಿಕೊಂಡು, ಹಳೆಯ ಹೆಸರಿನಡಿ ಖಾಲಿ ಪ್ಯಾಕೇಜ್ ಇಟ್ಟು, ತನ್ನ ಬಳಕೆದಾರರನ್ನೆಲ್ಲ ದಾಟಿಸಿದ ಮೇಲೆಯೇ, 2010ರಲ್ಲಿ, ಹೊಸ ಗಿಟ್ ಆ ಹೆಸರನ್ನು ಪಡೆಯಿತು. ಆಗ ಗಿಟ್-ಕೋರ್ ಎಂಬುದು ತಾನೂ ಒಂದು ಖಾಲಿ ಪೆಟ್ಟಿಗೆಯಾಯಿತು. ಇಷ್ಟರಿಂದಲೂ ಮುಗಿಯಲಿಲ್ಲ. ಹಳೆಯ ಸಲಕರಣೆಯ ಆವೃತ್ತಿ 4.3.20, ಹೊಸ ಗಿಟ್‌ನದು ಆಗ 1.7; ಸಂಖ್ಯೆಯನ್ನು ಮಾತ್ರ ನೋಡುವ ಯಂತ್ರಕ್ಕೆ ಇದು ಮುನ್ನಡೆಯಲ್ಲ, ಹಿನ್ನಡೆ. ಇಂತಹ ಸಂದರ್ಭಕ್ಕೆ ಎಪಕ್ ಎಂಬ ಏರ್ಪಾಡಿದೆ: ಆವೃತ್ತಿಯ ಮುಂದೆ ಒಂದು ಅಂಕಿ ಮತ್ತು ವಿವರಣ ಚಿಹ್ನೆ ಇಟ್ಟರೆ, ಎಣಿಕೆ ಹೊಸದಾಗಿ ಆರಂಭವಾಯಿತೆಂದು ಅರ್ಥ. ಶಾಸನಗಳನ್ನು ಓದುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಶಕವರ್ಷವೋ ವಿಕ್ರಮವರ್ಷವೋ ತಿಳಿಯದೆ ಬರಿಯ ವರ್ಷಸಂಖ್ಯೆಗಳನ್ನು ಹೋಲಿಸಿ ಯಾವುದು ಮೊದಲು ಎಂದು ಹೇಳಲಾಗದು. ಒಮ್ಮೆ ಶಕ ಬದಲಾದರೆ ಮತ್ತೆ ಹಿಂದಕ್ಕೆ ಹೋಗುವಂತಿಲ್ಲವಾದ್ದರಿಂದ, ಡೆಬಿಯನ್ನಿನಲ್ಲಿ ಗಿಟ್‌ನ ಪ್ರತಿಯೊಂದು ಆವೃತ್ತಿಯ ಮುಂದೆಯೂ ಇಂದಿಗೂ ಆ ‘1’ ನಿಂತಿದೆ, ತನಗಿಂತ ಮೊದಲು ಈ ಹೆಸರಿನಲ್ಲಿ ಇನ್ನೊಬ್ಬರಿದ್ದರು ಎಂಬುದಕ್ಕೆ ಸಾಕ್ಷಿಯಾಗಿ.

ಇಂತಹುದೇ ವ್ಯಾಜ್ಯ ನೋಡ್ ಎಂಬ ಆದೇಶದ ಹೆಸರಿಗಾಗಿ ಹವ್ಯಾಸಿ ರೇಡಿಯೋದವರ ಒಂದು ಸಲಕರಣೆಗೂ ನೋಡ್‌ಜೆಎಸ್ ಎಂಬ ತಂತ್ರಾಂಶಕ್ಕೂ ನಡೆದು, 2012ರಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿಯವರೆಗೆ ಹೋಯಿತು. ‘ನೋಡ್‌ಜೆಎಸ್-ಲೆಗಸಿ’ ಎಂಬ ಹೊಂದಾಣಿಕೆಯ ಪ್ಯಾಕೇಜ್ ಆಗ ಹುಟ್ಟಿತು. ಅದರೊಳಗಿನ ಮುಖ್ಯ ವಸ್ತು ಹಳೆಯ ಹೆಸರಿನಿಂದ ಹೊಸ ಹೆಸರಿಗೆ ಕೈತೋರುವ ಒಂದೇ ಒಂದು ಕೊಂಡಿ. 2017ರಲ್ಲಿ ಸಮಿತಿಯೇ ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡ ಮೇಲೆ ಅದರ ಕೆಲಸ ಮುಗಿಯಿತು.

ಇದುವರೆಗೆ ಹೇಳಿದ್ದೆಲ್ಲ ಹೆಸರಿನ ಹೊಂದಾಣಿಕೆ. ಇದರಿಂದ ಬೇರೆಯಾಗಿ ತಿಳಿಯಬೇಕಾದದ್ದು ವಸ್ತುವಿನ ಹೊಂದಾಣಿಕೆ, ಅಂದರೆ ಹಳೆಯ ಲೈಬ್ರರಿಯ ನಿಜವಾದ ಸಂಕೇತವನ್ನೇ ಹೊಸ ಆವೃತ್ತಿಯ ಪಕ್ಕದಲ್ಲಿ ಇರಿಸಿಕೊಳ್ಳುವುದು. ಆರ್‌ಪಿಎಂ ಎಂಬ ಬೇರೊಂದು ಬಗೆಯ ಪ್ಯಾಕೇಜುಗಳನ್ನು ಬಳಸುವ ಫೆಡೋರಾದಂತಹ ವ್ಯವಸ್ಥೆಗಳಲ್ಲಿ ಇವುಗಳಲ್ಲಿ ಹಲವುಗಳ ಹೆಸರು ‘ಕಾಂಪ್ಯಾಟ್’ ಎಂದು ಆರಂಭವಾಗುತ್ತದೆ, ‘ಕಾಂಪ್ಯಾಟ್-ಓಪನ್‌ಎಸ್‌ಎಸ್‌ಎಲ್10’ ಅಂತಹುದು. ಓಪನ್‌ಎಸ್‌ಎಸ್‌ಎಲ್ ಎಂಬುದು ಜಾಲದ ಸಂಪರ್ಕಗಳನ್ನು ಗುಪ್ತಗೊಳಿಸುವ ಲೈಬ್ರರಿ, ಅದರ 1.0.2ನೇ ಸರಣಿಗೆ ಮೂಲ ತಂಡದ ಸಾರ್ವಜನಿಕ ಬೆಂಬಲ 2019ರ ಕೊನೆಯಲ್ಲಿ ನಿಂತಿತು. ಡೆಬಿಯನ್ 2017ರ ಸ್ಟ್ರೆಚ್ ಆವೃತ್ತಿಯಲ್ಲಿ ಹಳೆಯ 1.0.2 ಮತ್ತು ಹೊಸ 1.1 ಎರಡನ್ನೂ ಇಟ್ಟುಕೊಂಡು ಎರಡಕ್ಕೂ ಭದ್ರತಾ ದೋಷಗಳನ್ನು ತಿದ್ದುವ ಹೊರೆ ಹೊತ್ತಿತು. ಖಾಲಿ ಪೆಟ್ಟಿಗೆ ಎಷ್ಟು ವರ್ಷ ಕುಳಿತರೂ ಯಾರಿಗೂ ಕೇಡಿಲ್ಲ, ಅದರಲ್ಲಿ ತುಕ್ಕು ಹಿಡಿಯುವ ವಸ್ತುವೇ ಇಲ್ಲ. ಹಳೆಯ ಲೈಬ್ರರಿ ಹಾಗಲ್ಲ; ಅದರಲ್ಲಿ ಜೀವಂತ ಸಂಕೇತವಿದೆ, ನಾಳೆ ಬಯಲಾಗಬಹುದಾದ ದೋಷವಿದೆ, ಅದನ್ನು ತಿದ್ದಲು ತಿಳಿದವರು ವರ್ಷವರ್ಷವೂ ಕಡಿಮೆಯಾಗುತ್ತಾರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಹಳೆಯದೆಲ್ಲ ಕಸ ಎಂದು ಗುಡಿಸುವವರೂ ಹಳೆಯದೆಲ್ಲ ಪವಿತ್ರವೆಂದು ಇಟ್ಟುಕೊಳ್ಳುವವರೂ ಈ ಲೇಖಕನ ಅನುಭವದಲ್ಲಿ ಸಮಾನವಾಗಿ ತೊಂದರೆ ತಂದವರೇ.

ಆರ್‌ಪಿಎಂ ಲೋಕದಲ್ಲಿ ಹೆಸರು ಬದಲಾವಣೆಗೆ ಖಾಲಿ ಪೆಟ್ಟಿಗೆಯೇ ಬೇಕಾಗುವುದಿಲ್ಲ. ಹೊಸ ಪ್ಯಾಕೇಜಿನೊಳಗೆ ‘ಅಬ್ಸೊಲೀಟ್ಸ್’ ಎಂಬ ಸಾಲಿನಲ್ಲಿ ಇಂತಹ ಹಳೆಯ ಹೆಸರು ಇಂತಹ ಆವೃತ್ತಿಯವರೆಗೆ ತನ್ನಿಂದ ಸಂದುಹೋಯಿತು ಎಂದೂ, ‘ಪ್ರೊವೈಡ್ಸ್’ ಎಂಬ ಸಾಲಿನಲ್ಲಿ ಆ ಹೆಸರನ್ನು ಕೇಳುವವರಿಗೆ ತಾನೇ ಓಗೊಡುತ್ತೇನೆ ಎಂದೂ ಬರೆದರೆ ಸಾಕು. ‘ಇಂತಹ ಆವೃತ್ತಿಯವರೆಗೆ’ ಎಂಬ ಮಿತಿಯನ್ನು ಮರೆತರೆ ಆ ಹೆಸರು ಎಂದೆಂದಿಗೂ ಮರಳಿ ಬರಲಾರದಂತೆ ಬಾಗಿಲು ಮುಚ್ಚುತ್ತದೆ. ಬದಲಿ ಇಲ್ಲದೆಯೇ ನಿಂತುಹೋದ ಪ್ಯಾಕೇಜುಗಳಿಗಾಗಿ ಫೆಡೋರಾದಲ್ಲಿ ‘ಫೆಡೋರಾ-ಅಬ್ಸೊಲೀಟ್-ಪ್ಯಾಕೇಜಸ್’ ಎಂಬ ಒಂದು ವಿಶೇಷ ಪ್ಯಾಕೇಜ್ ಇದೆ. ಅದರ ಕೆಲಸ ಸಂದುಹೋದವರ ಹೆಸರನ್ನು ಪಟ್ಟಿಮಾಡಿ, ನವೀಕರಣಕ್ಕೆ ಅಡ್ಡವಾದ ಅವುಗಳನ್ನು ಯಂತ್ರದಿಂದ ಬಿಡಿಸುವುದಷ್ಟೆ.

ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಎಂದು ಪಣ ತೊಟ್ಟ ವ್ಯವಸ್ಥೆಯೂ ಉಂಟು, ಅದರ ಉದಾಹರಣೆಯೂ ಕನ್ನಡದಲ್ಲಿಯೇ ಇದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ 0ಸಿಡಿಇ ಎಂಬ ಸ್ಥಾನ ಸಿಕ್ಕಿದೆ, ಆದರೆ ಅದಕ್ಕೆ ಇಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’. ಹೆಸರು ತಪ್ಪು ಎಂದು ಯೂನಿಕೋಡ್ ಒಪ್ಪಿಕೊಂಡಿದೆ, ಸರಿಯಾದದ್ದನ್ನು ಉಪನಾಮವಾಗಿ ಸೇರಿಸಿದೆ; ಮೂಲ ಹೆಸರನ್ನು ಮಾತ್ರ ತಿದ್ದಿಲ್ಲ, ತಿದ್ದುವುದೂ ಇಲ್ಲ, ಏಕೆಂದರೆ ಒಮ್ಮೆ ಕೊಟ್ಟ ಹೆಸರನ್ನು ನಂಬಿ ಎಲ್ಲಿ ಯಾರು ಏನು ಬರೆದಿದ್ದಾರೋ ತಿಳಿಯದು. ಪಂಪನ ಕಾಲದ ಅಕ್ಷರವೊಂದು ತನ್ನದಲ್ಲದ ಹೆಸರಿನಡಿ ಶಾಶ್ವತವಾಗಿ ನಿಂತಿರುವುದು ಕನ್ನಡಿಗರಿಗೆ ನೋವಿನ ಸಂಗತಿ. ಡೆಬಿಯನ್ನಿನ ದಾರಿ ಕಷ್ಟದ್ದಾದರೂ, ತಪ್ಪನ್ನು ತಿದ್ದಿಕೊಳ್ಳಲು ಅವಕಾಶ ಇಟ್ಟಿರುವುದರಿಂದ ಹೆಚ್ಚು ಮನುಷ್ಯಸಹಜವಾದದ್ದು ಎಂದು ಈ ಅಕ್ಷರವನ್ನು ನೋಡಿದಾಗಲೆಲ್ಲ ಅನಿಸುತ್ತದೆ.

ಅವಕಾಶಕ್ಕೆ ಅವಧಿಯೂ ಇದೆ. ಸಂಕ್ರಮಣದ ಪ್ಯಾಕೇಜನ್ನು ಒಂದು ಸ್ಥಿರ ಆವೃತ್ತಿಯಲ್ಲಿ ಇಟ್ಟು, ಮುಂದಿನದರಲ್ಲಿ ಅಥವಾ ಅದರಾಚೆ ತೆಗೆಯುವುದು ವಾಡಿಕೆ; ನಡುವಿನ ಆವೃತ್ತಿಯನ್ನು ಹಾರಿ ದಾಟುವುದಕ್ಕೆ ಡೆಬಿಯನ್ ಭರವಸೆ ಕೊಡುವುದಿಲ್ಲ. ಸೀಮಿತ ಜಾಲಸಂಪರ್ಕದ ಊರುಗಳಲ್ಲಿ, ಡಿವಿಡಿಗಳ ಕಾಲದಲ್ಲಿ, ಐದಾರು ವರ್ಷ ಮುಟ್ಟದೆ ಬಿಟ್ಟ ಯಂತ್ರವನ್ನು ಒಮ್ಮೆಲೇ ಇತ್ತೀಚಿನದಕ್ಕೆ ಏರಿಸಲು ಹೋದವರಿಗೆ ಈ ನಿಯಮ ಕಹಿಯಾಗಿ ಪರಿಣಮಿಸಿದೆ. ದಾರಿ ತೋರುವ ಚೀಟಿ ಅಂಟಿಸಿದ್ದ ಬಾಗಿಲು ಅವರು ಬರುವಷ್ಟರಲ್ಲಿ ಇರುತ್ತಿರಲಿಲ್ಲ. ಅಂತಹ ಯಂತ್ರದಲ್ಲಿ ಆಪ್ಟಿಟ್ಯೂಡ್ ಎಂಬ ಸಲಕರಣೆಯನ್ನು ತೆರೆದರೆ, ಭಂಡಾರದಲ್ಲಿ ಈಗ ಎಲ್ಲಿಯೂ ಇಲ್ಲದ ಪ್ಯಾಕೇಜುಗಳೆಲ್ಲ ‘ಬಳಕೆ ತಪ್ಪಿದ ಮತ್ತು ಸ್ಥಳೀಯವಾಗಿ ತಯಾರಿಸಿದ ಪ್ಯಾಕೇಜುಗಳು’ ಎಂಬ ಒಂದೇ ಶೀರ್ಷಿಕೆಯಡಿ ಕಾಣುತ್ತವೆ. ಜಗತ್ತು ಕೈಬಿಟ್ಟದ್ದೂ ಮನೆಯವರು ಕೈಯಾರೆ ಕಟ್ಟಿದ್ದೂ ಯಂತ್ರಕ್ಕೆ ಒಂದೇ ಬಗೆಯಾಗಿ ತೋರುತ್ತದೆ, ಏಕೆಂದರೆ ಎರಡಕ್ಕೂ ಭಂಡಾರದಲ್ಲಿ ಸಾಕ್ಷಿಯಿಲ್ಲ. ಲ್ಯಾಬಿನ ಆ ಮೆಟಾಪ್ಯಾಕೇಜ್, ಸ್ಥಳೀಯ ಭಂಡಾರವನ್ನು ಮುಚ್ಚಿದ ಮೇಲೆ, ಕೊನೆಗೆ ಕಂಡದ್ದು ಇದೇ ಪಟ್ಟಿಯಲ್ಲಿ, ಯಾವುದೋ ಸತ್ತುಹೋದ ಆಟವೊಂದರ ಮತ್ತು ಹಳೆಯ ಪ್ರಿಂಟರ್ ಚಾಲಕವೊಂದರ ನಡುವೆ.

2024ರಲ್ಲಿ ಹ್ಯಾಮ್‌ನ ದಿನಗಳನ್ನು ನೆನಪಿಸುವ ಇನ್ನೊಂದು ದಾಟುವಿಕೆ ನಡೆಯಿತು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದ 32 ಬಿಟ್‌ಗಳ ಎಣಿಕೆ 2038ರ ಜನವರಿ 19ರಂದು, ಭಾರತದ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ, ತುಂಬಿ ಮಗುಚುತ್ತದೆ. ಆದ್ದರಿಂದ ಸಮಯವನ್ನು 64 ಬಿಟ್‌ಗಳಲ್ಲಿ ಇಡುವಂತೆ ಲೈಬ್ರರಿಗಳನ್ನು ಮರಳಿ ಕಟ್ಟಿ, ಅವುಗಳ ಹೆಸರಿಗೆ ‘ಟಿ64’ ಎಂಬ ಬಾಲ ಸೇರಿಸಲಾಯಿತು. 64 ಬಿಟ್‌ನ ಸಾಮಾನ್ಯ ಯಂತ್ರಗಳಲ್ಲಿ ಈ ಲೈಬ್ರರಿಗಳ ಒಳಗೆ ಏನೂ ಬದಲಾಗಿಲ್ಲ, ಹೆಸರು ಮಾತ್ರ ಬದಲಾಗಿದೆ, ಹಳೆಯ ಹೆಸರಿಗೂ ಅವು ಪ್ರೊವೈಡ್ಸ್ ಮೂಲಕ ಓಗೊಡುತ್ತವೆ. ಹಳೆಯ ಇಂಟೆಲ್ 32 ಬಿಟ್ ವಿನ್ಯಾಸವನ್ನು ಮಾತ್ರ ಈ ದಾಟುವಿಕೆಯಿಂದ ಹೊರಗಿಟ್ಟರು. ಹಿಂದೆ ಕಟ್ಟಿದ ತಂತ್ರಾಂಶಗಳನ್ನು ಓಡಿಸುವುದೇ ಈಗ ಅದರ ಉಳಿದ ಉಪಯೋಗ, ಅದನ್ನು ದಾಟಿಸಿದರೆ ಆ ತಂತ್ರಾಂಶಗಳು ದಡದಲ್ಲೇ ಉಳಿಯುತ್ತಿದ್ದವು.

2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ನಿನ ಟ್ರಿಕ್ಸಿ ಆವೃತ್ತಿಯ ಯಂತ್ರದಲ್ಲಿ ಪ್ಯಾಕೇಜುಗಳ ಪಟ್ಟಿಯನ್ನು ತೆರೆದರೆ ‘ಲಿಬ್‌ಎಸ್‌ಎಸ್‌ಎಲ್3ಟಿ64’ ಎಂಬ ಹೆಸರು ನಡುವೆಲ್ಲೋ ಸಿಗುತ್ತದೆ. ಅಕ್ಷರಾನುಕ್ರಮದ ಕೊನೆಯ ಸಾಲುಗಳವರೆಗೆ ಇಳಿದರೆ, ಕಡತಗಳನ್ನು ಅಡಕಗೊಳಿಸುವ ಸಣ್ಣ ಲೈಬ್ರರಿಯೊಂದು ‘ಝೆಡ್‌ಲಿಬ್1ಜಿ’ ಎಂಬ ಹೆಸರಿನಲ್ಲಿ ಕುಳಿತಿದೆ. ಲಿಬ್‌ಸಿ5ರ ಮೇಲೆ ನಿಂತ ಅದರ ಜೋಡಿ ಲೈಬ್ರರಿಯ ನೆನಪೂ ಈಗಿನವರಿಗೆ ಇಲ್ಲ. ಲಿಬ್‌ಸಿ6ಕ್ಕೆ ದಾಟುವಾಗ ಆ ಜೋಡಿಯಿಂದ ಬೇರೆಯಾಗಿ ತೋರಲೆಂದು ಸೇರಿಸಿದ ‘ಜಿ’ ಮಾತ್ರ ಇನ್ನೂ ಅಲ್ಲಿಯೇ ಇದೆ.